ಮೊಬೈಲಿಗೆ ಪತ್ತನಾಜೆ ಇಲ್ಲ

ಫಲಿತಾಂಶ ಬಂದ ಮರುದಿನ ಬಿ.ಸಿ.ರೋಡಿನಿಂದ ಗುರುವಾಯನಕೆರೆಯವರೆಗೆ, ಅಲ್ಲಿಂದ ವೇಣೂರು ದಾರಿಯಾಗಿ ಮೂಡುಬಿದಿರೆಯವರೆಗೆ ರಸ್ತೆಯ ಎರಡೂ ಬದಿ ಫ್ಲೆಕ್ಸ್‌ಗಳ ಜಾತ್ರೆ. ದ್ವಿತೀಯ ಪಿಯುಸಿಯಲ್ಲಿ 2024ರಲ್ಲಿ ಶೇ 97.37 ಫಲಿತಾಂಶ ಪಡೆದ ದಕ್ಷಿಣ ಕನ್ನಡ ಇಡೀ ರಾಜ್ಯಕ್ಕೆ ಮೊದಲು. 2025ರಲ್ಲಿ ಶೇ 93.57 ಪಡೆದು ಉಡುಪಿಯ ಹಿಂದೆ ಎರಡನೆಯದು. ಬುದ್ಧಿವಂತರ ಜಿಲ್ಲೆ ಎಂಬ ಬಿರುದನ್ನು ನಾವು ಹೆಮ್ಮೆಯಿಂದಲೇ ಹೊತ್ತು ತಿರುಗುತ್ತೇವೆ. ಫ್ಲೆಕ್ಸಿನಲ್ಲಿ ನಗುತ್ತಿದ್ದ ಆ ಮುಖ ಪದವಿಗೋ ಎಂಜಿನಿಯರಿಂಗಿಗೋ ಸೇರಿ ಎರಡು ವರ್ಷ ಕಳೆದ ಮೇಲೆ ಹೇಗಿದೆ ಎಂದು ತಿಳಿಯಬೇಕಿದ್ದರೆ ಬೆಳಗಿನ ಮೊದಲ ಪಿರಿಯಡ್ಡಿನಲ್ಲಿ ಯಾವುದಾದರೂ ತರಗತಿಯ ಹಿಂದಿನ ಬೆಂಚುಗಳ ಕಡೆ ನೋಡಬೇಕು. ಕಣ್ಣು ತೆರೆದುಕೊಂಡೇ ತೂಕಡಿಸುವ ವಿದ್ಯೆ ಅವರಿಗೆ ಕರಗತವಾಗಿದೆ. ಬ್ರೇಕಿನ ಗಂಟೆ ಹೊಡೆದ ಕೂಡಲೇ ಕ್ಯಾಂಟೀನಿಗೆ ಓಟ: ಎರಡು ಬನ್ಸ್, ಒಂದು ಚಾ. ಎಷ್ಟೋ ಮಂದಿಗೆ ಅದೇ ದಿನದ ಮೊದಲ ತುತ್ತು.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ಈಗ ಅಡಿಕೆಯಷ್ಟೇ ದೊಡ್ಡ ಬೆಳೆ ವಿದ್ಯೆ. ಉಜಿರೆಯ ಎಸ್‌ಡಿಎಂ ಕಾಲೇಜು ಶುರುವಾದದ್ದು 1966ರಲ್ಲಿ, ಬಂಟ್ವಾಳ ವಿದ್ಯಾಗಿರಿಯ ಎಸ್‌ವಿಎಸ್ ಕಾಲೇಜು 1968ರಲ್ಲಿ. ಮೂಡುಬಿದಿರೆಯಲ್ಲಿ ಮಹಾವೀರ ಕಾಲೇಜು, ಆಳ್ವಾಸ್‌ನ ಹತ್ತಾರು ವಿಭಾಗಗಳು, ಬಡಗ ಮಿಜಾರಿನಲ್ಲಿ ಎಂಜಿನಿಯರಿಂಗ್ ಕಾಲೇಜು. ಪುಂಜಾಲಕಟ್ಟೆ, ವಾಮದಪದವಿನಂಥ ಹಳ್ಳಿಗಳಿಗೂ ಸರ್ಕಾರಿ ಪದವಿ ಕಾಲೇಜು ಬಂದಿದೆ. ರಾಜ್ಯದ ನಾನಾ ಮೂಲೆಗಳಿಂದ ಮಕ್ಕಳನ್ನು ತಂದು ನಮ್ಮೂರ ಹಾಸ್ಟೆಲ್‌ಗಳಿಗೆ ಬಿಟ್ಟು ಹೋಗುತ್ತಾರೆ. ಅವರ ಅಂಕಕ್ಕೆ ನಾವು ಹೊಣೆ ಎಂದು ಒಪ್ಪಿಕೊಂಡಿದ್ದೇವೆ, ಅದಕ್ಕೆ ಶುಲ್ಕವನ್ನೂ ತೆಗೆದುಕೊಳ್ಳುತ್ತೇವೆ. ಅವರ ನಿದ್ದೆಗೆ ಯಾರು ಹೊಣೆ ಎಂದು ಕೇಳಿದರೆ ಮಾತ್ರ ಎಲ್ಲರೂ ಮೊಬೈಲಿನ ಕಡೆ ಬೆರಳು ತೋರಿಸುತ್ತಾರೆ. ಹುಡುಗರ ನಿದ್ದೆ ಇಳಿಯುತ್ತಿರುವುದು, ಸೊಂಟ ಏರುತ್ತಿರುವುದು ಒಂದೇ ಕಾಯಿಲೆಯ ಎರಡು ಲಕ್ಷಣ. ಇದರಲ್ಲಿ ದೊಡ್ಡ ಪಾಲು ದೊಡ್ಡವರು ಮಾಡಿಟ್ಟ ಏರ್ಪಾಡಿನದು ಎಂಬುದು ಈ ಪತ್ರಿಕೆಯ ಅಭಿಪ್ರಾಯ.

ನಿದ್ದೆಗೂ ತೂಕಕ್ಕೂ ಏನು ಸಂಬಂಧ? ನಿದ್ದೆ ಹೆಚ್ಚಾದರೆ ಮೈ ಬರುತ್ತದೆ ಎಂದೇ ನಮ್ಮ ಅಜ್ಜಿಯಂದಿರ ನಂಬಿಕೆ. ವಿಜ್ಞಾನ ಹೇಳುವುದು ಉಲ್ಟಾ. ಶಿಕಾಗೊ ವಿಶ್ವವಿದ್ಯಾಲಯದವರು 2004ರಲ್ಲಿ ಆರೋಗ್ಯವಂತ 12 ಯುವಕರನ್ನು ಎರಡು ರಾತ್ರಿ ತಲಾ ನಾಲ್ಕೇ ಗಂಟೆ ಮಲಗಿಸಿ ರಕ್ತ ಪರೀಕ್ಷಿಸಿದರು. ಹತ್ತು ಗಂಟೆ ಮಲಗಲು ಬಿಟ್ಟಾಗ ಇದ್ದುದಕ್ಕೆ ಹೋಲಿಸಿದರೆ, ಹೊಟ್ಟೆ ತುಂಬಿತೆಂದು ಮಿದುಳಿಗೆ ತಿಳಿಸುವ ಲೆಪ್ಟಿನ್ ಶೇ 18 ಇಳಿದಿತ್ತು. ಹಸಿವೆ ಎಬ್ಬಿಸುವ ಗ್ರೆಲಿನ್ ಶೇ 28 ಏರಿತ್ತು. ಹುಡುಗರೇ ಹೇಳಿಕೊಂಡ ಹಸಿವೆ ಶೇ 24 ಹೆಚ್ಚು. ಅದೂ ಸಿಹಿ, ಉಪ್ಪು, ಹಿಟ್ಟಿನ ಪದಾರ್ಥಗಳ ಮೇಲೆಯೇ ಆಸೆ. ಎರಡೇ ರಾತ್ರಿಗೆ ಇಷ್ಟು! ಹನ್ನೆರಡು ಮಂದಿಯ ಪ್ರಯೋಗ ಚಿಕ್ಕದು ಎನ್ನಬಹುದು. ಅದೇ ಊರಿನಿಂದ 2022ರಲ್ಲಿ ಇನ್ನೊಂದು ಬಂತು. ದಿನಕ್ಕೆ ಆರೂವರೆ ಗಂಟೆಗಿಂತ ಕಡಿಮೆ ಮಲಗುವ, ತೂಕ ಹೆಚ್ಚಿದ್ದ 80 ಮಂದಿ ತರುಣ ವಯಸ್ಕರಲ್ಲಿ ಅರ್ಧದಷ್ಟು ಜನರಿಗೆ ಹೆಚ್ಚು ಹೊತ್ತು ಮಲಗುವುದನ್ನು ರೂಢಿ ಮಾಡಿಸಿದರು. ಪಥ್ಯ ಹೇಳಲಿಲ್ಲ, ವ್ಯಾಯಾಮ ಹೇಳಲಿಲ್ಲ. ಸುಮಾರು ಒಂದೂಕಾಲು ಗಂಟೆ ನಿದ್ದೆ ಹೆಚ್ಚಿದ್ದಕ್ಕೇ ಅವರು ತಿನ್ನುವುದು, ಹೆಚ್ಚು ಮಲಗದವರಿಗೆ ಹೋಲಿಸಿದರೆ, ದಿನಕ್ಕೆ 270 ಕ್ಯಾಲೊರಿ ಕಡಿಮೆಯಾಯಿತು. ಹೆಚ್ಚುಕಡಿಮೆ ಒಂದು ದೊಡ್ಡ ಪರೋಟದಷ್ಟು.

ನಿದ್ದೆಗೆಟ್ಟವರೆಲ್ಲ ದಪ್ಪವಾಗುತ್ತಾರೆ, ದಪ್ಪಗಿರುವವರೆಲ್ಲ ನಿದ್ದೆಗೆಟ್ಟವರು ಎಂದು ಇದರರ್ಥವಲ್ಲ. ಸಂಬಂಧ ಎರಡೂ ಕಡೆಯಿಂದ ಎಳೆಯುತ್ತದೆ. ಕತ್ತಿನ ಸುತ್ತ ಕೊಬ್ಬು ಕೂತವರಿಗೆ ಮಲಗಿದಾಗ ಉಸಿರ ದಾರಿ ಇಕ್ಕಟ್ಟಾಗುತ್ತದೆ, ಗೊರಕೆ ಏಳುತ್ತದೆ, ರಾತ್ರಿಯಿಡೀ ನಿದ್ದೆ ತುಂಡುತುಂಡಾಗುತ್ತದೆ. ಎಂಟು ಗಂಟೆ ಹಾಸಿಗೆಯಲ್ಲಿದ್ದೂ ಬೆಳಿಗ್ಗೆ ಸುಸ್ತು. ಸುಸ್ತಾದವ ಸಂಜೆ ಮೈದಾನಕ್ಕೆ ಇಳಿಯುವುದಿಲ್ಲ. ಇಳಿಯದವನ ತೂಕ ಇಳಿಯುವುದಿಲ್ಲ. ಇದರ ಮೇಲೆ ಗೆಳೆಯರ ಗೇಲಿ ಬೇರೆ. ಹಾಸ್ಟೆಲ್‌ಗಳಲ್ಲಿ ದಪ್ಪಗಿನ ಹುಡುಗ ಹುಡುಗಿಯರಿಗೆ ಇಡುವ ಅಡ್ಡಹೆಸರುಗಳನ್ನು ಇಲ್ಲಿ ಬರೆಯಲು ಮನಸ್ಸಿಲ್ಲ. ಅವನ್ನು ಕೇಳಿಸಿಕೊಂಡು ನಗುವ ಉಪನ್ಯಾಸಕರೂ ಇದ್ದಾರೆ ಎಂಬುದಂತೂ ನಾಚಿಕೆಗೇಡು.

ತೆಳ್ಳಗಿನವರು ನಿಶ್ಚಿಂತೆಯಿಂದ ಇರಬಹುದೇ? ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮದೇ ಫೋಟೊ ಅಚ್ಚು ಹಾಕಿಸಿದರು. ಇಬ್ಬರ ಬಿಎಂಐ ಒಂದೇ, 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ಮೈಯಲ್ಲಿ ಶೇ 21.2. ನೋಟಕ್ಕೆ ಸಪೂರ, ಒಳಗೆ ಕೊಬ್ಬು: ಇದು ಭಾರತೀಯರ ಮೈಕಟ್ಟು. ಅದಕ್ಕೇ ನಮ್ಮ ವೈದ್ಯರು ತೂಕ ಹೆಚ್ಚಾಯಿತು ಎನ್ನಲು ಬಿಎಂಐ 25 ಆಗುವವರೆಗೆ ಕಾಯುವುದಿಲ್ಲ, 23ರಲ್ಲೇ ಎಚ್ಚರಿಸುತ್ತಾರೆ. ಸೊಂಟ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು ಎನ್ನುತ್ತಾರೆ. ತೂಕದ ಯಂತ್ರಕ್ಕಿಂತ ದರ್ಜಿಯ ಟೇಪು ನಮ್ಮವರ ಮಟ್ಟಿಗೆ ಹೆಚ್ಚು ನಿಜ ಹೇಳುತ್ತದೆ. 25ರ ಗೆರೆ ಇಟ್ಟುಕೊಂಡರೂ ಚಿತ್ರ ಚೆನ್ನಾಗಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ತೂಕ ಮೀರಿದವರು 2015–16ರಲ್ಲಿ ಶೇ 22–23 ಇದ್ದರು, 2019–21ರ ಹೊತ್ತಿಗೆ ಗಂಡಸರಲ್ಲೂ ಹೆಂಗಸರಲ್ಲೂ ಶೇ 30 ದಾಟಿದರು. ಆ ಸಮೀಕ್ಷೆ ಮುಖ್ಯವಾಗಿ 15ರಿಂದ 49 ವಯಸ್ಸಿನವರದು. ಅಂದರೆ ಕಾಲೇಜು ಮಕ್ಕಳೂ ಅದರೊಳಗೇ ಇದ್ದಾರೆ.

ಇನ್ನು ನಿದ್ದೆ ಎಲ್ಲಿ ಸೋರಿ ಹೋಗುತ್ತದೆ ಎಂಬ ಲೆಕ್ಕ. ದಿಡುಪೆಯಿಂದಲೋ ನಾರಾವಿಯ ಒಳಗಿನಿಂದಲೋ ಮಂಗಳೂರಿನ ಕಾಲೇಜಿಗೆ ಹೋಗಿಬರುವ ಹುಡುಗಿಯನ್ನು ನೆನೆಸಿಕೊಳ್ಳಿ. ಬಸ್ಸು ತಪ್ಪಿದರೆ ಮುಂದಿನದರಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಹಾಗಾಗಿ ಐದಕ್ಕೇ ಏಳಬೇಕು. ಮನೆಗೆ ಮರಳುವಾಗ ಕತ್ತಲು. ತಾಯಿ ಬೀಡಿ ಕಟ್ಟುತ್ತಿದ್ದರೆ ಅಡುಗೆಗೆ ಇವಳೇ ನಿಲ್ಲಬೇಕು. ಅಡಿಕೆ ಸುಲಿಯುವ ಕಾಲದಲ್ಲಿ ಅದಕ್ಕೂ ಒಂದು ಗಂಟೆ. ಆಮೇಲೆ ಲ್ಯಾಬ್ ರೆಕಾರ್ಡು, ಇಂಟರ್ನಲ್ಸ್. ಸಾಲದ್ದಕ್ಕೆ ರಾತ್ರಿ ಹತ್ತೂವರೆಗೆ ತರಗತಿಯ ವಾಟ್ಸ್ಯಾಪ್ ಗುಂಪಿಗೆ ಉಪನ್ಯಾಸಕರ ಸಂದೇಶ, ನಾಳೆ ಬೆಳಿಗ್ಗೆಯೊಳಗೆ ಅಸೈನ್‌ಮೆಂಟ್ ಅಪ್‌ಲೋಡ್ ಮಾಡಬೇಕಂತೆ. 18ರಿಂದ 25 ವಯಸ್ಸಿನವರಿಗೆ ಏಳರಿಂದ ಒಂಬತ್ತು ಗಂಟೆ ನಿದ್ದೆ ಬೇಕು. ಈ ಹುಡುಗಿಗೆ ಮೊಬೈಲೇ ಇಲ್ಲ ಎಂದುಕೊಂಡರೂ ಆರು ಗಂಟೆ ದಾಟುವುದಿಲ್ಲ. ಅವಳ ನಿದ್ದೆ ಕದ್ದವರ ಪಟ್ಟಿಯಲ್ಲಿ ರೀಲ್ಸ್ ಬರುವುದು ಎಷ್ಟನೆಯದಾಗಿ?

ಹುಡುಗರದು ಬೇರೆ ಕಥೆ. ನಮ್ಮ ತಾಲೂಕುಗಳಲ್ಲಿ ಕಾಲೇಜು ಹುಡುಗರ ಕೈಖರ್ಚಿನ ಮೂಲ ಕ್ಯಾಟರಿಂಗ್. ಮದುವೆ ಸೀಸನ್ನಿನಲ್ಲಿ ಹಿಂದಿನ ರಾತ್ರಿ ಮೆಹಂದಿ, ಮರುದಿನ ಮಧ್ಯಾಹ್ನ ಮದುವೆಯೂಟ, ಸಂಜೆ ಇನ್ನೊಂದು ಹಾಲ್‌ನಲ್ಲಿ ರಿಸೆಪ್ಷನ್. ಬಿಳಿ ಅಂಗಿ, ಕರಿ ಪ್ಯಾಂಟು ತೊಟ್ಟು ಬಡಿಸಿ, ಎಲ್ಲರ ಊಟ ಮುಗಿದ ಮೇಲೆ ಉಳಿದ ಬಿರಿಯಾನಿ, ಕಬಾಬ್, ಐಸ್‌ಕ್ರೀಮನ್ನು ತಾವು ತಿಂದು, ಪಾತ್ರೆ ಗಾಡಿಗೆ ಏರಿಸುವಾಗ ರಾತ್ರಿ ಒಂದು ಗಂಟೆ. ಬೈಕಿನಲ್ಲಿ ಮೂವರು ಮನೆ ಕಡೆ. ಕಾಲೇಜು ಶುಲ್ಕವನ್ನು ಹೀಗೇ ಕಟ್ಟುವ ಹುಡುಗರಿದ್ದಾರೆ. ಅವರ ದುಡಿಮೆ ಗೌರವಕ್ಕೆ ಅರ್ಹವಾದದ್ದು. ಅವರನ್ನು ಸೋಮವಾರ ಬೆಳಿಗ್ಗೆ ಎಬ್ಬಿಸಿ ನಿಲ್ಲಿಸಿ ಬೈಯುವ ಮೊದಲು ಭಾನುವಾರ ಎಲ್ಲಿದ್ದರು ಎಂದಾದರೂ ಕೇಳಬಹುದಲ್ಲ. ಕ್ಯಾಟರಿಂಗ್ ಮಾಲೀಕರೂ ವಿದ್ಯಾರ್ಥಿಗಳನ್ನು ಹನ್ನೊಂದಕ್ಕೆ ಬಿಡುವ ಒಂದು ಕಟ್ಟುಪಾಡು ಮಾಡಿಕೊಂಡರೆ ಯಾವ ಮದುವೆಯೂ ನಿಲ್ಲುವುದಿಲ್ಲ.

ಹಾಸ್ಟೆಲ್ ಬಗ್ಗೆ ಸ್ವಲ್ಪ ಬಿಚ್ಚಿ ಹೇಳಬೇಕು. ಉಜಿರೆಯಲ್ಲಿ ಧರ್ಮಸ್ಥಳದ ಮಂಜಯ್ಯ ಹೆಗ್ಗಡೆಯವರು 1940ರಲ್ಲಿ ಕಟ್ಟಿದ ಸಿದ್ಧವನ ಗುರುಕುಲದ ಹೆಸರು ಈ ಭಾಗದಲ್ಲಿ ಎಲ್ಲರಿಗೂ ಗೊತ್ತು. ನಸುಕಿಗೇ ಏಳುವುದು, ಯೋಗ, ತೋಟದ ಕೆಲಸ, ಆಮೇಲೆ ಕಾಲೇಜು. ಅಲ್ಲಿ ಬೆಳೆದವರು ಇವತ್ತಿಗೂ ಆ ಶಿಸ್ತನ್ನು ನೆನೆಯುತ್ತಾರೆ. ಆ ಮೇಲ್ಪಂಕ್ತಿಯನ್ನು ಅನುಸರಿಸುತ್ತೇವೆ ಎನ್ನುವ ಎಷ್ಟೋ ಖಾಸಗಿ ಹಾಸ್ಟೆಲ್‌ಗಳು ತೆಗೆದುಕೊಂಡದ್ದು ಅರ್ಧ ಮಾತ್ರ. ಬೆಳಗಿನ ಐದರ ಗಂಟೆ ಬಂತು, ಮಣ್ಣಿನ ಕೆಲಸ ಬರಲಿಲ್ಲ. ಬೇಗ ಏಳುವುದು ಬಂತು, ಬೇಗ ಮಲಗುವುದು ಬರಲಿಲ್ಲ. ನೀಟ್, ಜೆಇಇ, ಸಿಇಟಿ ಹೆಸರಿನಲ್ಲಿ ಸ್ಟಡಿ ಅವರ್ ರಾತ್ರಿ ಹನ್ನೊಂದರವರೆಗೆ ಬೆಳೆಯಿತು. ಹನ್ನೊಂದಕ್ಕೆ ಪುಸ್ತಕ ಮುಚ್ಚಿ, ಬಕೆಟ್ ಹಿಡಿದು ಸಾಲಿನಲ್ಲಿ ನಿಂತು, ಮಲಗಿ ಐದಕ್ಕೆ ಎದ್ದರೆ ಉಳಿಯುವುದು ಐದೂವರೆ ಗಂಟೆ. ಹದಿಹರೆಯದ ಕೊನೆಯಲ್ಲಿ ದೇಹದ ಗಡಿಯಾರವೇ ತುಸು ಹಿಂದಕ್ಕೆ ಸರಿದಿರುತ್ತದೆ, ನಿದ್ದೆ ತಡವಾಗಿ ಹತ್ತುತ್ತದೆ, ಇಪ್ಪತ್ತರ ಆಸುಪಾಸಿನಲ್ಲಿ ಇದು ತುತ್ತತುದಿ ಎನ್ನುತ್ತಾರೆ ನಿದ್ರಾತಜ್ಞರು. ಆ ವಯಸ್ಸಿನವರನ್ನು ಐದಕ್ಕೆ ಎಬ್ಬಿಸಬಹುದು. ಹತ್ತಕ್ಕೆ ಮಲಗುವ ವಾತಾವರಣವನ್ನೂ ಮಾಡಿಕೊಟ್ಟರೆ. ಪಿಯುಸಿಯ ಎರಡು ವರ್ಷ ಹೀಗೆ ಕಳೆದ ಮಕ್ಕಳು ಪದವಿಗೆ ಬಂದು ಕಾವಲು ಸಡಿಲವಾದ ಕೂಡಲೇ ಏನು ಮಾಡುತ್ತಾರೆ? ಮಧ್ಯರಾತ್ರಿಯವರೆಗೆ ಎಚ್ಚರ ಇರುವುದು ಅಭ್ಯಾಸವಾಗಿಬಿಟ್ಟಿದೆ. ಓದುವ ಜಾಗಕ್ಕೆ ರೀಲ್ಸ್ ಬಂತು, ಗೇಮ್ ಬಂತು, ಐಪಿಎಲ್ ಬಂತು. ಏಳೂವರೆಗೆ ಶುರುವಾಗುವ ಪಂದ್ಯ ಮುಗಿಯುವಾಗ ಹನ್ನೊಂದೂವರೆ, ಅದರ ಮೇಲೆ ಚರ್ಚೆ.

ಎಚ್ಚರ ಇದ್ದವನಿಗೆ ಹಸಿವಾಗುತ್ತದೆ. ಮೆಸ್ಸು ಎಂಟೂವರೆಗೇ ಮುಚ್ಚಿರುತ್ತದೆ. ಗೇಟಿನ ಎದುರಿನ ಫಾಸ್ಟ್‌ಫುಡ್ ಗಾಡಿ ಆ ಹೊತ್ತಿಗೆ ಕಣ್ಣು ಬಿಡುತ್ತದೆ: ಗೋಬಿ ಮಂಚೂರಿ, ಕಬಾಬ್, ಶವರ್ಮಾ, ಪರೋಟ, ಎಗ್ ರೈಸ್. ಕಬಾಬ್ ಕರಿದ ಎಣ್ಣೆ ಬಾಣಲೆಯಲ್ಲೇ ಕಪ್ಪಾಗಿ ಕೂತಿರುತ್ತದೆ. (ಗೋಬಿಗೂ ಕಬಾಬಿಗೂ ಬಳಿಯುತ್ತಿದ್ದ ಕೃತಕ ಬಣ್ಣವನ್ನು ರಾಜ್ಯ ಸರ್ಕಾರ 2024ರಲ್ಲಿ ನಿಷೇಧಿಸಿತು, ಆ ಕೆಂಪು ಎಲ್ಲೆಲ್ಲಿ ಮಾಯವಾಗಿದೆ ಎಂದು ಆರೋಗ್ಯಾಧಿಕಾರಿಗಳು ರಾತ್ರಿ ಹತ್ತರ ಮೇಲೆ ಒಂದು ಸುತ್ತು ಬಂದು ನೋಡಲಿ.) ಪರೀಕ್ಷೆ ಹತ್ತಿರವಾದರೆ ಇಪ್ಪತ್ತು ರೂಪಾಯಿಯ ಎನರ್ಜಿ ಡ್ರಿಂಕ್. ಅದರಲ್ಲಿ ಲೀಟರಿಗೆ 300 ಮಿಲಿಗ್ರಾಂವರೆಗೆ ಕೆಫೀನ್ ಇರಲು ಆಹಾರ ಸುರಕ್ಷತಾ ಪ್ರಾಧಿಕಾರ ಅನುಮತಿ ಕೊಟ್ಟಿದೆ. ಕುಡಿದ ಕೆಫೀನಿನ ಅರ್ಧ ಭಾಗ ಮೈಯಿಂದ ಕಳೆಯಲು ಸುಮಾರು ಐದು ಗಂಟೆ ಬೇಕು. ಒಂಬತ್ತಕ್ಕೆ ಕುಡಿದವನೊಳಗೆ ಎರಡು ಗಂಟೆಗೂ ಅರ್ಧ ಬಾಟಲಿ ಎಚ್ಚರ ಇರುತ್ತದೆ. ಕುಚ್ಚಲಕ್ಕಿ ಗಂಜಿ, ಚಟ್ನಿ, ಒಂದು ತುಂಡು ಮೀನು ತಿಂದು ಬೆಳೆದ ಊರಿದು ಎಂದರೆ ಈ ಹುಡುಗರು ನಂಬುವುದಿಲ್ಲ. ಮೆಸ್ಸಿನವರಾದರೂ ರಾತ್ರಿ ಹತ್ತಕ್ಕೆ ಒಂದು ಬಟ್ಟಲು ಗಂಜಿ ಇಡಬಹುದು. ಅದಕ್ಕೆ ತಗಲುವ ಖರ್ಚು ಒಂದು ಫ್ಲೆಕ್ಸಿನಷ್ಟೂ ಆಗಲಿಕ್ಕಿಲ್ಲ. ಕಾಲೇಜು ಕ್ಯಾಂಟೀನುಗಳಲ್ಲಿ ಜಂಕ್ ಫುಡ್ ಮಾರಬಾರದು ಎಂದು ಯುಜಿಸಿ 2016ರಲ್ಲೂ 2018ರಲ್ಲೂ ಸುತ್ತೋಲೆ ಕಳುಹಿಸಿದೆ. ಅವು ಯಾವ ಫೈಲಿನಲ್ಲಿ ಮಲಗಿವೆಯೋ. ಯಾರಾದರೂ ಚೆನ್ನಾಗಿ ನಿದ್ದೆ ಮಾಡುತ್ತಿದ್ದರೆ ಅವೇ.

ಇಷ್ಟು ಹೇಳಿದಾಗ ಹಿರಿಯರಿಂದ ಒಂದು ಆಕ್ಷೇಪ ಬಂದೇ ಬರುತ್ತದೆ. ನಾವು ಬೆಳಗಿನವರೆಗೆ ಯಕ್ಷಗಾನದ ಆಟ ನೋಡಲಿಲ್ಲವೇ, ಕೋಲಕ್ಕೆ ಹೋಗಲಿಲ್ಲವೇ, ಕಂಬಳದ ಗದ್ದೆ ಬದಿ ರಾತ್ರಿ ಕಳೆಯಲಿಲ್ಲವೇ, ನಮಗೆ ಏನಾಯಿತು? ನಿಜ. ತುಳುನಾಡಿಗೆ ರಾತ್ರಿ ಹೊಸದಲ್ಲ. ಆದರೆ ಆ ಎಚ್ಚರಕ್ಕೊಂದು ಕಾಲ ಇತ್ತು. ದೀಪಾವಳಿಯ ಆಚೆ ಈಚೆ ಮೇಳ ಹೊರಟರೆ ಮೇ ಕೊನೆಯಲ್ಲಿ ಪತ್ತನಾಜೆಗೆ ಗೆಜ್ಜೆ ಬಿಚ್ಚುತ್ತದೆ. ಕೋಲ, ನೇಮಗಳೂ ಅಲ್ಲಿಗೆ ನಿಲ್ಲುತ್ತವೆ. ಮಳೆಗಾಲವಿಡೀ ದೈವಗಳಿಗೂ ವಿಶ್ರಾಂತಿ. ಆ ಸೀಸನ್ನಿನಲ್ಲೂ ಒಬ್ಬ ಮನುಷ್ಯ ರಾತ್ರಿ ಕಳೆಯುತ್ತಿದ್ದುದು ಆಗೊಮ್ಮೆ ಈಗೊಮ್ಮೆ, ಗದ್ದೆ ಹುಣಿಯ ಮೇಲೆ ಮೈಲುಗಟ್ಟಲೆ ನಡೆದು ಬಂದು. ಮರುದಿನ ಚಾವಡಿಯಲ್ಲಿ ಚಾಪೆ ಹಾಸಿ ಮಧ್ಯಾಹ್ನದವರೆಗೆ ಗೊರಕೆ ಹೊಡೆದರೆ ಯಾರೂ ಎಬ್ಬಿಸುತ್ತಿರಲಿಲ್ಲ. ಈಗ ಧರ್ಮಸ್ಥಳ ಮೇಳವೇ ಕಾಲಮಿತಿಗೆ ಬಂದಿದೆ, ರಾತ್ರಿ ಹತ್ತರ ಮೇಲೆ ಮೈಕಿಗೆ ಕಾನೂನಿನ ತಡೆ ಇದೆ. ಭಾಗವತರು ಹೊತ್ತಿಗೆ ಮಂಗಳ ಹಾಡಿ ಏಳುತ್ತಾರೆ, ಪ್ರೇಕ್ಷಕ ಮನೆಗೆ ಬಂದು ಹಾಸಿಗೆಯಲ್ಲಿ ಫೋನ್ ತೆರೆಯುತ್ತಾನೆ. ಮೊಬೈಲಿಗೆ ಪತ್ತನಾಜೆ ಇಲ್ಲ. ವರ್ಷದ 365 ರಾತ್ರಿಯೂ ಅದರ ಆಟ ನಡೆಯುತ್ತದೆ, ನೋಡುವವ ಮಲಗಿಕೊಂಡೇ ನೋಡುತ್ತಾನೆ, ಬೆಳಿಗ್ಗೆ ಐದಕ್ಕೆ ಗಂಟೆ ಹೊಡೆಯುತ್ತದೆ.

ಆಟದ ಮೈದಾನದ ಮಾತೂ ಬರಲಿ. ಮೂಡುಬಿದಿರೆಯ ಸ್ವರಾಜ್ಯ ಮೈದಾನದಲ್ಲಿ 2020ರ ಜನವರಿಯಲ್ಲಿ ಅಖಿಲ ಭಾರತ ಅಂತರ ವಿವಿ ಅಥ್ಲೆಟಿಕ್ಸ್ ನಡೆಯಿತು. ಮಂಗಳೂರು ವಿವಿಗೆ ಪದಕಗಳ ರಾಶಿ ತಂದುಕೊಡುವ ಓಟಗಾರರು ಈ ಊರಿನಲ್ಲೇ ತರಬೇತಿ ಪಡೆಯುತ್ತಾರೆ. ಅದೇ ಊರಿನಲ್ಲಿ ಸಾಮಾನ್ಯ ಬಿ.ಕಾಂ. ವಿದ್ಯಾರ್ಥಿ ವಾರಕ್ಕೊಮ್ಮೆಯಾದರೂ ಮೈ ಬೆವರಿಸುತ್ತಾನೆಯೇ? ನಾವು ಕ್ರೀಡೆಯನ್ನು ಕೋಟಾ ಮಾಡಿಟ್ಟಿದ್ದೇವೆ. ಆಡುವವರು ಆಡಲಿ, ಉಳಿದವರು ಚಪ್ಪಾಳೆ ತಟ್ಟಲಿ. ಇಡೀ ದೇಶದ್ದೂ ಇದೇ ಹಾಡು. 2022ರಲ್ಲಿ ಭಾರತದ ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧ ಮಂದಿಗೆ, ಹೆಂಗಸರಲ್ಲಂತೂ ಶೇ 57 ಮಂದಿಗೆ, ಸಾಕಷ್ಟು ದೈಹಿಕ ಚಟುವಟಿಕೆ ಇರಲಿಲ್ಲ ಎಂದು ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್‌ನ ಲೆಕ್ಕ. ಇನ್ನು ನಮ್ಮ ಹಳ್ಳಿಗಳ ಹೊನಲು ಬೆಳಕಿನ ಕಬಡ್ಡಿ, ವಾಲಿಬಾಲ್, ಅಂಡರ್‌ಆರ್ಮ್ ಕ್ರಿಕೆಟ್! ಆಟ ಒಳ್ಳೆಯದೇ, ಫೈನಲ್ ಬೆಳಗಿನ ಜಾವ ನಾಲ್ಕಕ್ಕೆ ಏಕೆ? ಸಂಘಟಕರಿಗೆ ಬಾಡಿಗೆ ಲೈಟಿನ ಹಣ ಹುಟ್ಟಬೇಕು ಎಂಬುದು ಗೊತ್ತು; ಶನಿವಾರ ಮಧ್ಯಾಹ್ನ ಶುರು ಮಾಡಿದರೆ ಆ ಲೈಟೇ ಬೇಡ.

ಬೇರೆ ಕಡೆಯವರು ಎಚ್ಚೆತ್ತಿದ್ದಾರೆ. ಕ್ಯಾಲಿಫೋರ್ನಿಯಾದಲ್ಲಿ ಹೈಸ್ಕೂಲುಗಳು ಬೆಳಿಗ್ಗೆ ಎಂಟೂವರೆಗೆ ಮೊದಲು ಶುರುವಾಗುವಂತಿಲ್ಲ ಎಂಬ ಕಾನೂನು 2019ರಲ್ಲಿ ಆಗಿ 2022ರಿಂದ ಜಾರಿಯಲ್ಲಿದೆ. ಪಕ್ಕದ ಮಹಾರಾಷ್ಟ್ರ 2024ರಲ್ಲಿ ನಾಲ್ಕನೇ ತರಗತಿವರೆಗಿನ ಮಕ್ಕಳಿಗೆ ಒಂಬತ್ತಕ್ಕೆ ಮೊದಲು ಶಾಲೆ ಬೇಡ ಎಂದು ಆದೇಶಿಸಿತು. ಮಕ್ಕಳಿಗೆ ನಿದ್ದೆ ಸಾಲುತ್ತಿಲ್ಲ ಎಂದು ಆಗಿನ ರಾಜ್ಯಪಾಲರೇ ಹೇಳಿದ್ದರ ಫಲ ಅದು. ಪದವಿ ಹುಡುಗರ ಬಗ್ಗೆ ಹಾಗೆ ಹೇಳುವ ಒಬ್ಬರೂ ನಮ್ಮಲ್ಲಿ ಇಲ್ಲ, ಏಕೆಂದರೆ ಅವರು ದೊಡ್ಡವರಾಗಿದ್ದಾರೆ, ಅವರ ನಿದ್ದೆ ಅವರ ಖಾಸಗಿ ವಿಚಾರ. ಹಾಸ್ಟೆಲ್ಲಿಗೆ ಬೀಗ ಹಾಕುವಾಗ ಈ ದೊಡ್ಡಸ್ತಿಕೆ ನೆನಪಾಗುವುದಿಲ್ಲ ಎಂಬುದು ಬೇರೆ ಮಾತು.

ಅಳೆಯುವ ಕೆಲಸಕ್ಕೆ ಹೊರಗಿನವರು ಬರಬೇಕಿಲ್ಲ. ಉಜಿರೆಯಲ್ಲಿ 1989ರಿಂದ ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನದ ಕಾಲೇಜಿದೆ. ಮೂಡುಬಿದಿರೆಯಲ್ಲಿ ಆಯುರ್ವೇದ, ನರ್ಸಿಂಗ್, ಫಿಸಿಯೊಥೆರಪಿ ಕಾಲೇಜುಗಳಿವೆ. ಪಿಟ್ಸ್‌ಬರ್ಗಿನವರು 1989ರಲ್ಲಿ ರೂಪಿಸಿದ ನಿದ್ರಾ ಪ್ರಶ್ನಾವಳಿಯನ್ನು ಜಗತ್ತಿನಾದ್ಯಂತ ಬಳಸುತ್ತಾರೆ. ಅದರ ಅಂಕ ಐದು ದಾಟಿದರೆ ನಿದ್ದೆ ಕೆಟ್ಟಿದೆ ಎಂದು ಲೆಕ್ಕ, ತುಂಬಲು ಹತ್ತು ನಿಮಿಷ ಸಾಕು. ಪ್ರತಿ ವರ್ಷ ಆರೋಗ್ಯ ಶಿಬಿರದಲ್ಲಿ ಎತ್ತರ, ತೂಕ, ರಕ್ತದ ಗುಂಪು ಬರೆದುಕೊಳ್ಳುವ ಅದೇ ಕಾರ್ಡಿನಲ್ಲಿ ಸೊಂಟದ ಅಳತೆಗೂ ನಿದ್ದೆಗೂ ಎರಡು ಖಾನೆ ಹೆಚ್ಚು ಹಾಕಲಿ. ಮೂರೂ ತಾಲೂಕುಗಳ ಅಂಕಿ ಒಟ್ಟು ಸೇರಿಸಿ, ವಿದ್ಯಾರ್ಥಿಯ ಹೆಸರು ಬಿಟ್ಟು ಮಂಗಳೂರು ವಿವಿ ಪ್ರಕಟಿಸಲಿ. ಹಾಸ್ಟೆಲಿಗರದ್ದು, ಬಸ್ಸಿನಲ್ಲಿ ಬರುವವರದ್ದು ಬೇರೆ ಬೇರೆಯಾಗಿಯೇ ಬರಲಿ.

ಅದಕ್ಕೂ ಮೊದಲೇ ಮಾಡಬಹುದಾದದ್ದು ಬೇಕಷ್ಟಿದೆ. ರಾತ್ರಿ ಒಂಬತ್ತರ ಮೇಲೆ ಉಪನ್ಯಾಸಕರು ತರಗತಿಯ ಗುಂಪಿಗೆ ಏನೂ ಹಾಕಬಾರದು ಎಂದು ಪ್ರಾಂಶುಪಾಲರು ಒಂದು ನೋಟಿಸು ಹೊರಡಿಸಿದರೆ ಸಾಕು, ಅದಕ್ಕೆ ಸಿಂಡಿಕೇಟ್ ಸಭೆ ಬೇಕಿಲ್ಲ. ಹಾಸ್ಟೆಲ್ಲಿನ ದೀಪ ಎಷ್ಟಕ್ಕೆ ಆರುತ್ತದೆ, ಎಷ್ಟಕ್ಕೆ ಎಬ್ಬಿಸುತ್ತಾರೆ ಎಂಬುದು ಪ್ರಾಸ್ಪೆಕ್ಟಸ್ಸಿನಲ್ಲಿ ಶುಲ್ಕದ ಪಕ್ಕದಲ್ಲೇ ಅಚ್ಚಾಗಬೇಕು. ಎರಡರ ನಡುವೆ ಏಳು ಗಂಟೆ ಇಲ್ಲದ ಹಾಸ್ಟೆಲಿಗೆ ಇಲಾಖೆ ನೋಟಿಸು ಕೊಡಬೇಕು. ಜೂನ್ ಮೊದಲು ಜಿಲ್ಲಾಧಿಕಾರಿ ಒಂದು ಸಭೆ ಕರೆದು ಕಾಲೇಜು ಆಡಳಿತ, ಕೆಎಸ್‌ಆರ್‌ಟಿಸಿ, ಖಾಸಗಿ ಬಸ್ ಮಾಲೀಕರನ್ನು ಒಂದೇ ಮೇಜಿಗೆ ಕೂರಿಸಲಿ. ನಾರಾವಿ, ದಿಡುಪೆ, ವಿಟ್ಲ, ಶಿರ್ತಾಡಿ ದಾರಿಗಳಲ್ಲಿ ಬೆಳಿಗ್ಗೆ ಏಳರಿಂದ ಎಂಟರ ನಡುವೆ ಒಂದೊಂದು ಬಸ್ಸು ಹೆಚ್ಚು ಓಡಿದರೆ, ಆ ದಾರಿಯ ಮಕ್ಕಳು ನಲವತ್ತು ನಿಮಿಷ ಹೆಚ್ಚು ಮಲಗುತ್ತಾರೆ. ಸಭೆಯ ನಡಾವಳಿಯನ್ನು ನಾವು ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ, ಯಾವ ಸಂಸ್ಥೆಯವರು ಬರಲಿಲ್ಲ ಎಂಬುದನ್ನೂ.